ಹಳೆಯ ಟ್ರ್ಯಾಕ್ಟರ್: ಸದ್ದು ಕೇಳಿದರೆ ಸಾಲದು, ಎಣ್ಣೆ ನೋಡಿ

ಕುಮಟಾ ತಾಲೂಕಿನ ಸಂತೆಗುಳಿಯಂಥ ಊರಲ್ಲಿ ಹಳೆಯ ಟ್ರ್ಯಾಕ್ಟರ್ ಕೊಳ್ಳಹೊರಟವರ ಮುಂದೆ ಎರಡು ದಾರಿಗಳಿವೆ. ಘಟ್ಟದ ಮೇಲೆ ಹಾವೇರಿ, ಧಾರವಾಡದ ಕಡೆ ಹೋಗಿ ಹುಡುಕಬಹುದು; ಇಲ್ಲವೇ ಕುಮಟಾ, ಹೊನ್ನಾವರ, ಭಟ್ಕಳದ ಸುತ್ತಲೇ ಯಾರಾದರೂ ಮಾರುವುದನ್ನು ಕೊಳ್ಳಬಹುದು. ಎಲ್ಲಿ ಕೊಂಡರೂ ಪರೀಕ್ಷೆ ಮಾತ್ರ ಹೆಚ್ಚುಕಡಿಮೆ ಒಂದೇ: ಸ್ಟಾರ್ಟ್ ಮಾಡಿಸಿ ಸದ್ದು ಕೇಳುವುದು, ಮೀಟರ್ ಎಷ್ಟು ಗಂಟೆ ತೋರಿಸುತ್ತದೆಂದು ಬಗ್ಗಿ ನೋಡುವುದು, ಬಣ್ಣ ಮಾಸಿಲ್ಲವೆಂದು ಸಮಾಧಾನಪಟ್ಟು ಅಡ್ವಾನ್ಸ್ ಕೊಡುವುದು. ಈ ಮೂರನ್ನೂ ನಂಬುವಂತಿಲ್ಲ. ಬಣ್ಣ ಹೊಡೆಸಲು ಎರಡು ದಿನ ಸಾಕು. ಹಳೆಯ ಮಾದರಿಗಳ ಮೀಟರ್ ಗಡಿಯಾರವಲ್ಲ, ಎಂಜಿನ್ ತಿರುಗಿದಷ್ಟೇ ಓಡುವ ಯಂತ್ರ. ನಿಧಾನ ವೇಗದಲ್ಲಿ ದಿನವಿಡೀ ದುಡಿದರೆ ಕಡಿಮೆ ಗಂಟೆ ತೋರಿಸುತ್ತದೆ, ಕೇಬಲ್ ತುಂಡಾದರೆ ಅಲ್ಲಿಗೇ ನಿಲ್ಲುತ್ತದೆ. ಬಿಸಿ ಎಂಜಿನ್ನಿನ ಸದ್ದಂತೂ ಎಷ್ಟೋ ರೋಗಗಳನ್ನು ಮುಚ್ಚಿಡುತ್ತದೆ. ಹಾಗಾಗಿ ಎಷ್ಟು ಗಂಟೆ ಓಡಿದೆ ಎಂಬುದಕ್ಕಿಂತ ಎಲ್ಲಿ, ಯಾವ ಕೆಲಸದಲ್ಲಿ ದುಡಿದಿದೆ ಎಂಬುದನ್ನು ಮೊದಲು ಪತ್ತೆ ಮಾಡಬೇಕು. ಅದಕ್ಕೆ ಸಾಕ್ಷಿ ಟ್ರ್ಯಾಕ್ಟರಿನ ಮೈಮೇಲೇ ಇರುತ್ತದೆ.

ನಂಬರ್ ಪ್ಲೇಟಿನಿಂದಲೇ ಶುರುಮಾಡಿ. ಕೆಎ-27 ಹಾವೇರಿಯದು, ಕೆಎ-47 ಹೊನ್ನಾವರದ್ದು. ಬಯಲುಸೀಮೆಯಲ್ಲಿ ದುಡಿದ ಎಂಜಿನ್ನಿಗೆ ಶತ್ರು ಧೂಳು, ಕರಾವಳಿಯ ಕೆಸರುಗದ್ದೆಯಲ್ಲಿ ದುಡಿದ ಗಾಡಿಗೆ ನೀರು. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಬಿಚ್ಚಿ ಒಳಗೆ ಬೆರಳಾಡಿಸಿ. ಬೆರಳಿಗೆ ಮಣ್ಣು ಹತ್ತಿದರೆ ಪಿಸ್ಟನ್, ರಿಂಗುಗಳು ಧೂಳು ತಿಂದೇ ಸವೆದಿವೆ ಎಂದರ್ಥ. ಆಮೇಲೆ ಗಾಡಿ ಬಿಸಿಯಾದ ಮೇಲೆ ಎಂಜಿನ್ ಆಯಿಲ್ ತುಂಬುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಬುಸುಬುಸು ಹೊಗೆ ಬರುತ್ತಿದ್ದರೆ ಅನುಮಾನ ಖಚಿತವಾಗುತ್ತದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೂ ಅದೇ ಕತೆ, ಆಯಿಲ್ ಉರಿಯುತ್ತಿದೆ.

ಎಂಜಿನ್ ಸವೆದಿದ್ದರೆ ನಷ್ಟ ನಿಜ, ಆದರೆ ಅದು ಲೆಕ್ಕಕ್ಕೆ ಸಿಗುವ ನಷ್ಟ. ಲೈನರ್, ಪಿಸ್ಟನ್, ರಿಂಗ್ ಸೆಟ್ಟಾಗಿಯೇ ಸಿಗುತ್ತವೆ. ಖರ್ಚೆಷ್ಟು ಎಂದು ಮೆಕ್ಯಾನಿಕ್ ಮೊದಲೇ ಹೇಳಬಲ್ಲ, ಅಷ್ಟನ್ನು ಬೆಲೆಯಲ್ಲಿ ಮುರಿದುಕೊಳ್ಳಬಹುದು. ಸೀಟಿನ ಕೆಳಗಿನ ಹೌಸಿಂಗಿನ ವಿಷಯ ಹಾಗಲ್ಲ. ನೆಟ್ಟಿಗೆ ಮುಂಚೆ ಕೇಜ್ ವೀಲ್ ಹಾಕಿಕೊಂಡು ಗಾಡಿ ಆಕ್ಸಲ್ ಮಟ್ಟದ ಕೆಸರಿನಲ್ಲಿ ತಿರುಗುತ್ತದೆ. ಕಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಆಯಿಲ್ ಸೀಲುಗಳ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಗೇರ್ ಲಿವರಿನ ರಬ್ಬರ್ ಹರಿದಿದ್ದರೆ ಮಳೆನೀರು ಮೇಲಿನಿಂದಲೂ ಇಳಿಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಬಹಳಷ್ಟು ಮಾದರಿಗಳಲ್ಲಿ ಗೇರ್, ಡಿಫರೆನ್ಷಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಅದಕ್ಕೆ ನೀರು ಸೇರಿತೆಂದರೆ ಬೇರಿಂಗಿಗೆ ತುಕ್ಕು, ಪಂಪಿಗೆ ಸವೆತ. ಬಿಚ್ಚಿ ನೋಡಬೇಕೆಂದರೆ ಟ್ರ್ಯಾಕ್ಟರನ್ನೇ ನಡುವೆ ಬೇರ್ಪಡಿಸಬೇಕಾಗುತ್ತದೆ; ಬಿಚ್ಚುವ ತನಕ ಖರ್ಚೆಷ್ಟೆಂದು ಯಾರೂ ಹೇಳಲಾರರು.

ಹೌಸಿಂಗಿನ ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆ. ಇನ್ನೂ ಒಳ್ಳೆಯ ಪರೀಕ್ಷೆಯೊಂದಿದೆ. ಗಾಡಿ ರಾತ್ರಿಯಿಡೀ ನಿಂತಿರಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ತಳದ ಡ್ರೈನ್ ನಟ್ಟನ್ನು ಎರಡು ಸುತ್ತು ಸಡಿಲಿಸಿ ಗಾಜಿನ ಲೋಟ ಹಿಡಿಯಿರಿ. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದಿರುತ್ತದೆ. ಮೊದಲು ತೊಟ್ಟಿಕ್ಕುವುದು ನೀರೋ ಎಣ್ಣೆಯೋ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಲೋಟದ ತಳದಲ್ಲಿ ಲೋಹದ ಚೂರು ಮಿನುಗಿದರೆ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಎಂಜಿನ್ನಿನ ಆಯಿಲ್‌ಗೂ ಇದನ್ನೇ ಮಾಡಬಹುದು. ಅಲ್ಲಿ ನೀರು ಕಂಡರೆ ಹೆಡ್ ಗ್ಯಾಸ್ಕೆಟ್ ಇಲ್ಲವೇ ಲೈನರಿನ ರಬ್ಬರ್ ರಿಂಗ್ ಹೋಗಿದೆಯೇ ನೋಡಿಸಬೇಕು.

ಮಾರುವವರು ಹಿಂದಿನ ದಿನವೇ ಎಣ್ಣೆ ಬದಲಿಸಿಬಿಟ್ಟರೆ? ಬದಲಿಸಬಹುದು. ಆದರೆ ಹಳೆಯ ಗಾಡಿಯಲ್ಲಿ ಹೊಸ ಎಣ್ಣೆ ಫಳಫಳ ಹೊಳೆಯುವುದೂ ಒಂದು ಸಾಕ್ಷಿಯೇ. ಜೊತೆಗೆ ಮುಚ್ಚಳದ ಒಳಮೈಗೆ, ಡಿಪ್‌ಸ್ಟಿಕ್ಕಿನ ತುದಿಗೆ ಹತ್ತಿದ ಕೆನೆಯಂಥ ಜಿಡ್ಡನ್ನು ಒರೆಸಲು ಬಹುತೇಕ ಎಲ್ಲರೂ ಮರೆಯುತ್ತಾರೆ. ನಟ್ ಸಡಿಲಿಸಲು ಬಿಡುವುದಿಲ್ಲ ಎಂದರೋ? ಹೋಗುವುದು ನಾಲ್ಕು ಚಮಚ ಎಣ್ಣೆ. ಅಷ್ಟಕ್ಕೂ ಒಪ್ಪದವರ ಗಾಡಿ ಬೇಡ. ಇಷ್ಟೆಲ್ಲ ಯಾಕೆ, ಕಡಿಮೆ ಬೆಲೆಗೆ ಸಿಗುತ್ತದಲ್ಲ, ಆಮೇಲೆ ರಿಪೇರಿ ಮಾಡಿಸಿದರಾಯಿತು ಎನ್ನುವವರೂ ಉಂಟು. ಈ ವಾದದಲ್ಲಿ ಸ್ವಲ್ಪ ಹುರುಳಿದೆ, ಬಿಡಿಭಾಗ ಸಿಗುವ ಮಾದರಿಯಾಗಿದ್ದರೆ. ಎಚ್‌ಎಂಟಿಯ ಪಿಂಜೋರ್ ಟ್ರ್ಯಾಕ್ಟರ್ ಕಾರ್ಖಾನೆ ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಅಂಥ ಗಾಡಿ ಎಷ್ಟೇ ಗಟ್ಟಿಯಿದ್ದರೂ ಕೊಳ್ಳುವ ಮೊದಲು ಅಂಗಡಿಯಲ್ಲಿ ಬಿಡಿಭಾಗ ವಿಚಾರಿಸಬೇಕು. ಆದರೆ ಜೂನಿನಲ್ಲಿ ಹೂಟಿಯ ಹೊತ್ತಿಗೆ ಗಾಡಿ ಗ್ಯಾರೇಜಿನಲ್ಲಿ ನಿಂತರೆ ಆ ವರ್ಷದ ಗದ್ದೆ ಕಾಯುವುದಿಲ್ಲ. ತುಂಡು ಗದ್ದೆಯವರಿಗೆ ಟಿಲ್ಲರ್ ಅಥವಾ ಕೃಷಿ ಯಂತ್ರಧಾರೆಯ ಬಾಡಿಗೆ ಗಾಡಿಯೇ ಮೇಲು.

ಚಿರೆಕಲ್ಲು ಹೊತ್ತ ಗಾಡಿಯ ಗುರುತು ಬೇರೆ. ಟ್ರೇಲರ್ ಪಿನ್ ಕೂರುವ ತೂತು ಉದ್ದುದ್ದಕ್ಕೆ ಸವೆದಿರುತ್ತದೆ, ಹಿಂದಿನ ಟೈರಿನ ಹಲ್ಲು ನಡುವೆ ತೇದಿರುತ್ತದೆ. ಅಂಥದ್ದರಲ್ಲಿ ಕ್ಲಚ್ಚು, ಬ್ರೇಕು ಮುಖ್ಯ. ಬ್ರೇಕ್ ಒತ್ತಿ ಹಿಡಿದು, ದೊಡ್ಡ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಕೂಡಲೇ ಬಂದ್ ಆಗಬೇಕು. ಆಗದೆ ಗುರುಗುಟ್ಟುತ್ತಿದ್ದರೆ ಕ್ಲಚ್ ಜಾರುತ್ತಿದೆ. ನೇಗಿಲನ್ನು ಮೇಲೆತ್ತಿ ಎಂಜಿನ್ ಬಂದ್ ಮಾಡಿ ನೋಡಿ, ಸರಸರ ಕೆಳಗಿಳಿದರೆ ಹೈಡ್ರಾಲಿಕ್ ಸೋರುತ್ತಿದೆ. ಮುಂದಿನ ಚಕ್ರವನ್ನು ಜಾಕ್ ಕೊಟ್ಟೆತ್ತಿ ಅಲುಗಾಡಿಸಿದರೆ ಕಿಂಗ್‌ಪಿನ್ನಿನ ಸ್ಥಿತಿ ಗೊತ್ತಾಗುತ್ತದೆ. ಚೇಸಿಸ್ ನಂಬರ್ ಆರ್‌ಸಿಗೆ ತಾಳೆಯಾಗುತ್ತದೆಯೇ, ಬ್ಯಾಂಕಿನ ಸಾಲ ತೀರಿದೆಯೇ ಎಂಬುದನ್ನು ಅಡ್ವಾನ್ಸ್ ಕೊಡುವ ಮೊದಲೇ ನೋಡಿ.

ಮಾರುವವರಿಗೆ ಹಿಂದಿನ ಸಂಜೆಯೇ ಫೋನ್ ಮಾಡಿ, ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಡಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ದರ ಮಾತಾಡಲು ಇನ್ನೊಂದು ದಿನ ಬರುತ್ತೇವೆಂದು ಹೇಳಿ ಎದ್ದುಬನ್ನಿ.