ಆಕಾಶಕ್ಕೇರಿದ ತಕ್ಕಡಿ

ಮೇಷ, ವೃಷಭ, ಮಿಥುನ ಎಂದು ಹನ್ನೆರಡು ರಾಶಿಗಳ ಹೆಸರನ್ನು ಒಮ್ಮೆ ಹೇಳಿಕೊಂಡು ನೋಡಿ. ಟಗರು, ಗೂಳಿ, ಜೋಡಿ, ಏಡಿ, ಸಿಂಹ, ಕನ್ಯೆ, ಚೇಳು, ಮಕರ, ಮೀನು ಎಲ್ಲವೂ ಜೀವವಿರುವಂಥವು. ಧನುಸ್ಸಿಗೆ ಅದನ್ನು ಹಿಡಿದ ಬಿಲ್ಲುಗಾರನಿದ್ದಾನೆ. ಕುಂಭಕ್ಕೆ ಅದನ್ನು ಹೊತ್ತವನಿದ್ದಾನೆ. ಏಳನೆಯ ಮನೆಯಲ್ಲಿ ಮಾತ್ರ ಬರಿಯ ತಕ್ಕಡಿ! ಕ್ಯಾಲೆಂಡರಿನ ಚಿತ್ರದಲ್ಲಿ ಅದನ್ನು ಹಿಡಿದ ಕೈ ಸಾಮಾನ್ಯವಾಗಿ ಕಾಣುವುದಿಲ್ಲ. ಅಂಗಡಿಯಲ್ಲಿರಬೇಕಾದ ಸಾಮಾನು ನಕ್ಷತ್ರಗಳ ನಡುವೆ ಹೋಗಿ ಕೂತದ್ದು ಹೇಗೆ?

ಚೇಳಿನ ಇಕ್ಕಳ

ಮೊದಲು ಆಕಾಶವನ್ನೇ ನೋಡೋಣ. ಮೇ ಕೊನೆಯಿಂದ ಜೂನ್ ಕೊನೆಯವರೆಗೆ ರಾತ್ರಿ 10 ಗಂಟೆ ಸುಮಾರಿಗೆ, ಮೋಡವಿಲ್ಲದ ದಿನ, ನಮ್ಮ ನನ್ನಿವಾಳದ ಹೊಲದ ಬದುವಿನ ಮೇಲೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಎಡಕ್ಕೆ ಕೆಂಪಗೆ ಹೊಳೆಯುವುದು ಚೇಳಿನ ಎದೆಯಾದ ಜ್ಯೇಷ್ಠಾ. ಬಲಕ್ಕೆ ಬೆಳ್ಳಗೆ ಹೊಳೆಯುವುದು ಚಿತ್ತಾ. ಇವೆರಡರ ನಡುವೆ ಮಂಕಾದ ನಾಲ್ಕು ನಕ್ಷತ್ರಗಳ ಓರೆ ಚೌಕವೇ ತುಲಾ. ಅದರ ಎರಡು ಮುಖ್ಯ ನಕ್ಷತ್ರಗಳ ಅರಬ್ಬಿ ಹೆಸರು ಜುಬೆನೆಲ್‌ಜೆನುಬಿ, ಜುಬೆನೆಶಮಾಲಿ. ಉಚ್ಚಾರಣೆಗೆ ಕಷ್ಟವಾದರೂ ಅರ್ಥ ಸ್ವಾರಸ್ಯವಾಗಿದೆ: ‘ದಕ್ಷಿಣದ ಇಕ್ಕಳ’, ‘ಉತ್ತರದ ಇಕ್ಕಳ’. ಅಂದರೆ ಇವು ಚೇಳಿನ ಎರಡು ಮುಂಗೈಗಳು!

ಗ್ರೀಕರು ಈ ಭಾಗವನ್ನು ‘ಚೇಳಿನ ಇಕ್ಕಳ’ ಎಂದೇ ಕರೆದರು. ಆದರೆ ಅವರಿಗಿಂತ ಹಿಂದಿನ ಬಾಬಿಲೋನಿನವರು ಇಲ್ಲಿ ತಕ್ಕಡಿಯನ್ನೂ ಕಂಡಿದ್ದರು, ಚೇಳಿನ ಕೊಂಬನ್ನೂ ಕಂಡಿದ್ದರು. ‘ಮುಲ್ ಅಪಿನ್’ ಎಂಬ ಅವರ ಮಣ್ಣಿನ ಹಲಗೆಗಳಲ್ಲಿ ಎರಡು ಹೆಸರೂ ಒಟ್ಟಿಗೆ ಬರುತ್ತವೆ. ರೋಮನ್ನರ ಕಾಲಕ್ಕೆ ತಕ್ಕಡಿ ಗೆದ್ದಿತು, ಚೇಳು ಕೈ ಎಳೆದುಕೊಂಡಿತು. ಭಾರತಕ್ಕೂ ರಾಶಿಗಳು ಈ ದಾರಿಯಲ್ಲೇ ಬಂದವು ಎನ್ನುವುದಕ್ಕೆ ವರಾಹಮಿಹಿರನ ಬೃಹಜ್ಜಾತಕದಲ್ಲೇ ಗುರುತಿದೆ. ತುಲಾ ರಾಶಿಗೆ ಆತ ಕೊಡುವ ಇನ್ನೊಂದು ಹೆಸರು ‘ಜೂಕ’. ಅದು ನೊಗ, ತಕ್ಕಡಿಯ ದಂಡ ಎಂಬ ಅರ್ಥದ ಗ್ರೀಕ್ ಪದ ‘ಜುಗೋನ್’ನ ಸಂಸ್ಕೃತ ರೂಪ. ಆತ ವರ್ಣಿಸುವ ತುಲಾ ರಾಶಿಯಲ್ಲಿ ತಕ್ಕಡಿ ಹಿಡಿದ ಮನುಷ್ಯನೂ ಇದ್ದಾನೆ ಎಂಬುದನ್ನು ಮರೆಯಬಾರದು. ಅವನ ಬಳಿಗೆ ಆಮೇಲೆ ಬರೋಣ.

ಹಗಲು ಇರುಳು ಸಮತೂಕ

ತಕ್ಕಡಿಯೇ ಏಕೆ? ವರ್ಷಕ್ಕೆ ಎರಡು ದಿನ ಹಗಲು ಇರುಳು ಸರಿಸಮ. ಅದರಲ್ಲಿ ಎರಡನೆಯದು ಸೆಪ್ಟೆಂಬರ್ 22 ಅಥವಾ 23. ಸುಮಾರು 3,000 ವರ್ಷಗಳ ಹಿಂದೆ ಆ ದಿನ ಸೂರ್ಯ ಇರುತ್ತಿದ್ದುದು ಈ ನಕ್ಷತ್ರಗಳ ಸುತ್ತಮುತ್ತಲೇ. ಹಗಲನ್ನು ಒಂದು ತಟ್ಟೆಯಲ್ಲಿ, ಇರುಳನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗಿದರೆ ಮುಳ್ಳು ನೆಟ್ಟಗೆ ನಿಲ್ಲುತ್ತಿತ್ತು ಎನ್ನಬಹುದು. ಜ್ಯೋತಿಷದಲ್ಲಿ ಸೂರ್ಯನಿಗೆ ತುಲಾ ನೀಚಸ್ಥಾನ. ಅದಕ್ಕೂ ಗ್ರೀಕ್ ಖಗೋಳಜ್ಞ ಟಾಲೆಮಿ ಕೊಟ್ಟ ಕಾರಣ ಇದೇ: ಅಲ್ಲಿಂದ ಮುಂದೆ ಹಗಲು ಕುಗ್ಗುತ್ತದೆ.

ಆದರೆ ಭೂಮಿಯ ಅಕ್ಷ ಬುಗುರಿಯ ಹಾಗೆ ಮೆಲ್ಲಗೆ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಹೀಗಾಗಿ ಸಮರಾತ್ರಿಯ ಬಿಂದು 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಹಿಂದೆ ಸರಿಯುತ್ತದೆ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಿತು. ಅದು ಒಪ್ಪಿದ ಲೆಕ್ಕದಂತೆ, ಸಮರಾತ್ರಿಗೂ ನಮ್ಮ ಪಂಚಾಂಗದ ತುಲಾ ಆರಂಭಕ್ಕೂ ತಾಳೆಯಾಗಿದ್ದುದು ಕ್ರಿ.ಶ. 285ರ ಸುಮಾರಿಗೆ. ಈಗ ಎರಡಕ್ಕೂ 24 ಡಿಗ್ರಿ ಅಂತರ. ಆದ್ದರಿಂದಲೇ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣ ಬರುವುದು ಅಕ್ಟೋಬರ್ 17ರ ಹೊತ್ತಿಗೆ. ಪಾಶ್ಚಾತ್ಯರ ತುಲಾ ಶುರುವಾಗುವುದು ಸೆಪ್ಟೆಂಬರ್ 23ಕ್ಕೆ. ಖಗೋಳ ವಿಜ್ಞಾನಿಗಳು ಗೆರೆ ಎಳೆದ ತುಲಾ ಪುಂಜಕ್ಕೆ ಸೂರ್ಯ ನಿಜವಾಗಿ ಕಾಲಿಡುವುದು ಅಕ್ಟೋಬರ್ ಕೊನೆಗೆ!

ಅಕ್ಟೋಬರ್ 5ರಂದು ಹುಟ್ಟಿದ ಮಗುವನ್ನು ತೆಗೆದುಕೊಳ್ಳಿ. ಪಾಶ್ಚಾತ್ಯ ಲೆಕ್ಕದಲ್ಲಿ ಅದರ ರಾಶಿ ತುಲಾ. ನಮ್ಮ ಪಂಚಾಂಗದಲ್ಲಿ ಆಗ ಸೂರ್ಯ ಕನ್ಯೆಯಲ್ಲಿ. ನಾವು ಜನ್ಮರಾಶಿ ಎನ್ನುವುದಂತೂ ಚಂದ್ರನಿರುವ ರಾಶಿಯನ್ನು. ಅದು ಯಾವುದೂ ಆಗಬಹುದು. ಹೀಗಿರುವಾಗ ‘ತುಲಾ ರಾಶಿಯವರು ಹುಟ್ಟಾ ಸಮಚಿತ್ತರು’ ಎಂಬ ಮಾತು ಯಾರಿಗೆ ಅನ್ವಯಿಸಬೇಕು?

ಶಿಬಿಯ ತಕ್ಕಡಿ, ತುಲಾಧಾರನ ತಕ್ಕಡಿ

ರಾಶಿ ಬರುವ ಮೊದಲೇ ನಮ್ಮಲ್ಲಿ ಈ ನಕ್ಷತ್ರಗಳಿಗೆ ಹೆಸರಿತ್ತು: ವಿಶಾಖಾ, ಅಂದರೆ ಕವಲೊಡೆದದ್ದು. ಹುಣ್ಣಿಮೆ ಚಂದ್ರ ಇದರ ಬಳಿ ಬರುವ ತಿಂಗಳೇ ವೈಶಾಖ. ಬುದ್ಧ ಪೂರ್ಣಿಮೆಯ ಚಂದ್ರ ಕಾಣುವುದು ಈ ತಕ್ಕಡಿಯ ಆಸುಪಾಸಿನಲ್ಲೇ. ವಿಶಾಖೆಗೆ ದೇವತೆ ಒಬ್ಬನಲ್ಲ, ಇಬ್ಬರು: ಇಂದ್ರ ಮತ್ತು ಅಗ್ನಿ.

ಇಂದ್ರ ಗಿಡುಗನಾಗಿ, ಅಗ್ನಿ ಪಾರಿವಾಳವಾಗಿ ಬಂದು ಶಿಬಿ ಚಕ್ರವರ್ತಿಯನ್ನು ಪರೀಕ್ಷಿಸಿದ ಕಥೆ ಯಾರಿಗೆ ಗೊತ್ತಿಲ್ಲ? ಮೊರೆಹೊಕ್ಕ ಹಕ್ಕಿಯ ತೂಕದಷ್ಟು ತನ್ನ ಮಾಂಸವನ್ನೇ ಕೊಡಲು ಹೊರಟ ರಾಜ, ಎಷ್ಟು ಕೊಯ್ದಿಟ್ಟರೂ ಸಾಲದೆ ಕೊನೆಗೆ ತಾನೇ ತಟ್ಟೆ ಏರಿದ. ತಕ್ಕಡಿಯಿಂದ ಪರೀಕ್ಷಿಸಿದ ಇಬ್ಬರೂ ತಕ್ಕಡಿಯ ನಕ್ಷತ್ರಕ್ಕೇ ಒಡೆಯರು! ಇದು ಕಾಕತಾಳೀಯ. ವಿಶಾಖೆಗೆ ಆ ದೇವತೆಗಳನ್ನು ಹೇಳಿದ್ದು ವೇದಕಾಲದಲ್ಲಿ, ತುಲಾ ರಾಶಿ ಬಂದದ್ದು ಬಹಳ ತಡವಾಗಿ. ಆದರೂ ಸೊಗಸಾದ ಕಾಕತಾಳೀಯ.

ಶ್ರೀಕೃಷ್ಣನ ತುಲಾಭಾರದಲ್ಲಿ ಸತ್ಯಭಾಮೆಯ ಒಡವೆಗಳೆಲ್ಲ ಸೋತು ರುಕ್ಮಿಣಿಯ ಒಂದು ತುಳಸಿದಳ ಗೆದ್ದಿತು. ಹಂಪೆಯ ವಿಠ್ಠಲ ದೇವಾಲಯದ ಸಮೀಪ ಅರಸರು ತುಲಾಭಾರ ತೂಗಿಸಿಕೊಳ್ಳುತ್ತಿದ್ದರೆನ್ನುವ ಕಲ್ಲಿನ ಕಂಬಗಳು ಇಂದಿಗೂ ನಿಂತಿವೆ.

ಇವೆಲ್ಲ ರಾಜರ, ದೇವರ ತಕ್ಕಡಿಗಳು. ನನಗೆ ಹೆಚ್ಚು ಇಷ್ಟವಾದದ್ದು ಒಬ್ಬ ವ್ಯಾಪಾರಿಯದು. ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿದ್ದರಿಂದ ಶಾಂತಿಪರ್ವದ ಈ ಕಥೆ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಜಾಜಲಿ ಎಂಬ ತಪಸ್ವಿ ಕಂಬದಂತೆ ನಿಂತು ತಪಸ್ಸು ಮಾಡುವಾಗ ಹಕ್ಕಿಗಳು ಅವನ ಜಟೆಯಲ್ಲಿ ಗೂಡು ಕಟ್ಟಿ ಮರಿ ಮಾಡಿದವು. ಅವು ಹಾರಿ ಹೋಗುವವರೆಗೆ ಅವನು ಅಲುಗಲಿಲ್ಲ. ‘ನನಗಿಂತ ಧರ್ಮಿಷ್ಠರುಂಟೆ?’ ಎಂದು ಬೀಗಿದಾಗ, ಕಾಶಿಯ ತುಲಾಧಾರನಿಗೆ ನೀನು ಸಮನಲ್ಲ ಎಂಬ ಅಶರೀರವಾಣಿ ಕೇಳಿಸಿತು. ಹುಡುಕಿಕೊಂಡು ಹೋದರೆ ಅವನು ಬೇರು, ಗಂಧ, ರಸದ್ರವ್ಯ ಮಾರುವ ಅಂಗಡಿಯವ! ತಪಸ್ವಿಗೆ ಅವನು ತೋರಿದ್ದು ತನ್ನ ತಕ್ಕಡಿಯನ್ನು. ಬಂದವರು ಯಾರೇ ಆಗಲಿ ಅದು ಒಂದೇ ಸಮ, ಯಾರಿಗೂ ಕೇಡು ಬಗೆಯದೆ ಬದುಕುವುದೇ ತನ್ನ ಧರ್ಮ ಎಂಬುದು ಅವನ ಮಾತಿನ ಸಾರ. ವರಾಹಮಿಹಿರನ ತುಲಾ ರಾಶಿಯಲ್ಲಿ ತಕ್ಕಡಿ ಹಿಡಿದವನನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಈ ತುಲಾಧಾರನೇ.

ನನ್ನಿಯ ತೂಕ

ತಕ್ಕಡಿ ನ್ಯಾಯಸ್ಥಾನವನ್ನೂ ಏರಿತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ದಲ್ಲಿ ದಿವ್ಯಪರೀಕ್ಷೆಗಳ ವಿವರವಿದೆ. ಅದರಲ್ಲಿ ಮೊದಲನೆಯದೇ ತುಲಾದಿವ್ಯ. ಆರೋಪಿಯನ್ನು ಒಮ್ಮೆ ತೂಗಿ ಇಳಿಸಿ, ಪ್ರಾರ್ಥನೆಯ ನಂತರ ಮತ್ತೆ ತೂಗಬೇಕು. ತಟ್ಟೆ ಮೇಲೆದ್ದರೆ ನಿರ್ದೋಷಿ, ಕೆಳಗಿಳಿದರೆ ದೋಷಿ. ಪಾಪಕ್ಕೆ ಭಾರವಿದೆ ಎಂದು ವಿಜ್ಞಾನ ಒಪ್ಪದು. ಆದರೆ ತೂಗುವವನ ಮಾತಿಗಿಂತ ತಕ್ಕಡಿಯ ಮುಳ್ಳು ದೊಡ್ಡದು ಎಂಬ ಭಾವನೆ ಅದರ ಹಿಂದಿದೆ. ಹಳಗನ್ನಡದಲ್ಲಿ ‘ನನ್ನಿ’ ಎಂದರೆ ಸತ್ಯ. ನಮ್ಮೂರಿನ ಹೆಸರು ಹೇಳುವಾಗಲೆಲ್ಲ ನನಗೆ ಆ ಪದ ನೆನಪಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯದೇವತೆಯ ಹೊಸ ಪ್ರತಿಮೆ ಸುದ್ದಿಯಾಯಿತು. ಕಣ್ಣಿನ ಪಟ್ಟಿ ಹೋಯಿತು, ಕತ್ತಿಯ ಜಾಗಕ್ಕೆ ಸಂವಿಧಾನ ಬಂತು. ತಕ್ಕಡಿ ಮಾತ್ರ ಹಾಗೆಯೇ ಉಳಿಯಿತು.

ಸೂರ್ಯ ತುಲೆಗೆ ಬರುವ ಹೊತ್ತಿಗೆ ನಮ್ಮ ಸೀಮೆಯಲ್ಲಿ ಶೇಂಗಾ ಕೀಳುವ ಕಾಲ. ಮಳೆ ನಂಬಿ ಬಿತ್ತಿದ್ದು ಚೀಲ ತುಂಬಿ, ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಮಾರುಕಟ್ಟೆಗೆ ಹೊರಡುತ್ತದೆ. ದೀಪಾವಳಿ ಅಮಾವಾಸ್ಯೆಯಂದು ಸೂರ್ಯ ಚಂದ್ರರಿಬ್ಬರೂ ತುಲೆಯಲ್ಲಿ. ಇತ್ತ ಅಂಗಡಿಗಳಲ್ಲಿ ಲಕ್ಷ್ಮಿಯ ಜೊತೆ ತಕ್ಕಡಿಗೂ ಕುಂಕುಮ, ಹೂವು. ಒಂದು ವರ್ಷದ ದುಡಿಮೆಗೆ ಬೆಲೆ ಕಟ್ಟುವುದು ಆ ತಕ್ಕಡಿಯೇ ಅಲ್ಲವೆ? ಕ್ವಿಂಟಲಿಗೆ ಒಂದು ಕೆ.ಜಿ. ಹೆಚ್ಚಿಗೆ ಹೋದರೆ ಇಪ್ಪತ್ತು ಕ್ವಿಂಟಲಿಗೆ ಇಪ್ಪತ್ತು ಕೆ.ಜಿ., ಬಿತ್ತನೆ ಬೀಜಕ್ಕಾದರೂ ಆಗುವ ಕಾಯಿ.

ಆದ್ದರಿಂದ ತರಗತಿಯಲ್ಲಿ ಮಕ್ಕಳಿಗೆ ತುಲಾ ಪುಂಜ ತೋರಿಸಿದ ಮೇಲೆ ತಕ್ಕಡಿಯ ಲೆಕ್ಕವನ್ನೂ ಹೇಳುತ್ತೇನೆ. ದಂಡದ ಒಂದು ತೋಳು 50 ಸೆಂ.ಮೀ., ಇನ್ನೊಂದು 49 ಆಗಿದ್ದರೂ ಖಾಲಿ ತಟ್ಟೆಗಳನ್ನು ಸಮವಾಗಿ ನಿಲ್ಲಿಸಬಹುದು. ಆದರೆ ಉದ್ದದ ಕಡೆ 10 ಕೆ.ಜಿ. ಬೊಟ್ಟು ಇಟ್ಟರೆ ಗಿಡ್ಡ ಕಡೆ ಸುಮಾರು 200 ಗ್ರಾಂ ಹೆಚ್ಚು ಕಾಯಿ ಹಾಕಬೇಕಾಗುತ್ತದೆ. ಅನುಮಾನ ಬಂದರೆ ಬೊಟ್ಟು, ಕಾಯಿಗಳನ್ನು ಅದಲು ಬದಲು ಮಾಡಿ ತೂಗಿಸಿ. ನಿಜವಾದ ತಕ್ಕಡಿಯ ಮುಳ್ಳು ಎರಡು ಸಲವೂ ನೆಟ್ಟಗೇ ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಯಂತ್ರವಾದರೆ ಖಾಲಿ ಇದ್ದಾಗ ಸೊನ್ನೆ ತೋರುತ್ತದೆಯೇ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ನೋಡಿ. ತೂಕ ಗೊತ್ತಿರುವ ಮುದ್ರೆಯ ಬೊಟ್ಟೊಂದನ್ನು ಅದರ ಮೇಲಿಡಲು ಕೇಳಿ. ಕೇಳುವುದು ಜಗಳವಲ್ಲ, ಹಕ್ಕು. ನೇರ ವ್ಯಾಪಾರ ಮಾಡುವವರು ಇದಕ್ಕೆ ಬೇಸರಪಡುವುದೂ ಇಲ್ಲ.

ಮೇಲಿನ ತಕ್ಕಡಿಯ ನಕ್ಷತ್ರಗಳು ಯಾರ ಪರವಾಗಿಯೂ ವಾಲುವುದಿಲ್ಲ. ಉತ್ತರದ ಇಕ್ಕಳದ ಬೆಳಕು ಇಲ್ಲಿಗೆ ತಲುಪಲು ಸುಮಾರು 185 ವರ್ಷ ಬೇಕು. ಅದು ನಮ್ಮ ಶೇಂಗಾ ತೂಗಲು ಬಾರದು. ತೂಗುವುದು ಇಲ್ಲಿನ ಕೈ. ಅದು ತುಲಾಧಾರನ ಕೈಯಂತಿದ್ದರೆ ಹುಟ್ಟಿದ ರಾಶಿ ಯಾವುದಾದರೇನು?