ಡೀಸೆಲ್ ಕಾರಿನ ಹೊಗೆರೋಗವೂ ಅದರ ಪರೀಕ್ಷೆಯೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಡೀಸೆಲ್ ಕಾರು ಅನೇಕ ಕುಟುಂಬಗಳ ನಿತ್ಯದ ಆಧಾರವಾಗಿರುವದು. ರೋಗಿಯನ್ನು ಮಿರಜದ ಆಸ್ಪತ್ರೆಗೆ ಒಯ್ಯುವದಕ್ಕೂ, ಮದುವೆ ಜಾತ್ರೆಗಳಿಗೆ ಹೋಗುವದಕ್ಕೂ ಅದೇ ಬೇಕು. ಮಾರುತಿ ಸುಜುಕಿ ಕಂಪನಿಯವರು 2020ನೆಯ ಇಸವಿಯ ಎಪ್ರಿಲದಿಂದ ಡೀಸೆಲ್ ಕಾರುಗಳ ತಯಾರಿಕೆಯನ್ನು ನಿಲ್ಲಿಸಿದ್ದರಿಂದ, ಮನೆಮನೆಯ ಅಂಗಳದಲ್ಲಿರುವ ಅವರ ಡೀಸೆಲ್ ಕಾರುಗಳೆಲ್ಲ ಈಗ ಹಳೆಯವಾದವು. ಇಂಥ ಕಾರುಗಳಿಗೆ ತಗಲುವ ಬೇನೆಗಳಲ್ಲಿ ಇ.ಜಿ.ಆರ್. ಎಂಬ ಭಾಗದ ಕೆಡಕು ಸಾಮಾನ್ಯವಾದದ್ದು. ರೋಗವನ್ನರಿಯದೆ ಔಷಧ ಕೊಟ್ಟಂತೆ, ಪರೀಕ್ಷಿಸದೆ ಸಾಮಾನು ಬದಲಿಸಿದರೆ ಹಣವೂ ಹೋಗುವದು, ರೋಗವೂ ಉಳಿಯುವದು. ಆದಕಾರಣ ಈ ವಿಷಯವನ್ನು ವಾಚಕರ ಮುಂದಿಡಬಯಸುವೆವು.

ಎಂಜಿನ್ನಿನೊಳಗಿನ ಉಷ್ಣತೆಯು ಮಿತಿಮೀರಿದಾಗ ಗಾಳಿಯಲ್ಲಿಯ ಸಾರಜನಕವೂ ಆಮ್ಲಜನಕವೂ ಕೂಡಿ ವಿಷವಾಯುಗಳು ಹುಟ್ಟುವವು. ಅವು ಶ್ವಾಸಕೋಶಕ್ಕೆ ಅಪಾಯಕರ. ಎಳೆಯ ಮಕ್ಕಳಿಗೂ ಉಬ್ಬಸವುಳ್ಳವರಿಗೂ ವಿಶೇಷ ಬಾಧಕ. ಇದನ್ನು ತಗ್ಗಿಸಲು, ಹೊರಹೋಗುವ ಹೊಗೆಯ ಒಂದಂಶವನ್ನು ಮರಳಿ ಎಂಜಿನ್ನಿಗೆ ಕಳಿಸುವ ಏರ್ಪಾಡು ಉಂಟು. ಆ ಹೊಗೆಯಲ್ಲಿ ಆಮ್ಲಜನಕವು ಕಡಿಮೆ. ಕೆಂಡಕ್ಕೆ ಬೂದಿ ಮುಚ್ಚಿದರೆ ಕಾವು ತಗ್ಗುವಂತೆ ಎಂಜಿನ್ನಿನ ಉರಿಯೂ ತಗ್ಗುವದು. ಈ ಹಾದಿಯ ಬಾಗಿಲೇ ಇ.ಜಿ.ಆರ್. ವಾಲ್ವು. ಕಾರಿನ ಕಂಪ್ಯೂಟರು ಸಮಯವರಿತು ಅದನ್ನು ತೆರೆಯುವದು. ಪೂರ್ಣ ಬಲ ಬೇಕಾದಾಗ ಮುಚ್ಚುವದು.

ಬಾಗಿಲು ಕೆಡುವದೇಕೆ? ದೀಪದ ಮಸಿಗೆ ಎಣ್ಣೆ ಬೆರೆಸಿ ಕಾಡಿಗೆ ಮಾಡುವದನ್ನು ನಮ್ಮ ಗೃಹಿಣಿಯರು ಬಲ್ಲರು. ಹೊಗೆಯ ಮಸಿಗೆ ಎಂಜಿನ್ನಿನ ಎಣ್ಣೆಯ ಆವಿಯು ಕೂಡಿದಾಗ ಅಂಥದೇ ಕಾಡಿಗೆ ವಾಲ್ವಿನ ಸುತ್ತ ಹತ್ತಿಕೊಂಡು, ಕ್ರಮೇಣ ಗಟ್ಟಿಯಾಗುವದು. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ, ಇಷ್ಟೇ ಓಡುವ ಕಾರಿನ ಎಂಜಿನ್ನು ಚೆನ್ನಾಗಿ ಕಾಯುವದಿಲ್ಲ. ಕಬ್ಬಿನ ಹಂಗಾಮಿನಲ್ಲಿ ತುಂಬಿದ ಟ್ರ್ಯಾಕ್ಟರುಗಳ ಹಿಂದೆ ತೆವಳುವಾಗಲೂ ಇದೇ ಸ್ಥಿತಿ. ಆಗ ಮಸಿಯು ಬೇಗನೆ ಕೂಡುವದು.

ರೋಗದ ಬಗೆಗಳು ಮುಖ್ಯವಾಗಿ ಎರಡು. ವಾಲ್ವು ತೆರೆದೇ ಉಳಿದರೆ ಕರಿಹೊಗೆ ಏಳುವದು, ನಿಂತಲ್ಲಿಯೇ ಎಂಜಿನ್ನು ನಡುಗುವದು, ನಿಪ್ಪಾಣಿಯ ಬಳಿಯ ತವಂದಿ ಘಾಟದಂಥ ಏರಿನಲ್ಲಿ ಬಲ ಸಾಲದು. ಮುಚ್ಚಿಯೇ ಉಳಿದರೆ ಕಣ್ಣಿಗೆ ಕಾಣುವ ಲಕ್ಷಣ ಕಡಿಮೆ. ಎಂಜಿನ್ನಿನ ಕಟಕಟ ಶಬ್ದವು ಹೆಚ್ಚಬಹುದು, ಎದುರಿನ ಫಲಕದಲ್ಲಿ ಎಚ್ಚರಿಕೆಯ ದೀಪ ಹತ್ತಬಹುದು. ಕಾಣದ ವಿಷವಾಯುವು ಮಾತ್ರ ಹೆಚ್ಚುತ್ತಲೇ ಇರುವದು.

ಪರೀಕ್ಷೆಯ ಕ್ರಮವು ಹೀಗಿರತಕ್ಕದ್ದು. ಮೊದಲು ಸ್ಕ್ಯಾನರು ಹಚ್ಚಿ ಕಂಪ್ಯೂಟರು ಬರೆದಿಟ್ಟ ಸಂಖ್ಯೆಯನ್ನು ಓದಿಸಬೇಕು. ಪಿ 0401 ಎಂದರೆ ಮರಳುವ ಹೊಗೆ ಸಾಲದು. ಪಿ 0402 ಎಂದರೆ ಅದು ಅತಿಯಾಯಿತು. ಪಿ 0403 ಎಂದರೆ ವಿದ್ಯುತ್ತಿನ ಸಂಪರ್ಕದಲ್ಲಿ ದೋಷ. ಆದರೆ ಸಂಖ್ಯೆಯು ಲಕ್ಷಣವನ್ನು ಹೇಳುವದೇ ಹೊರತು, ಯಾವ ಸಾಮಾನು ಕೆಟ್ಟಿತೆಂದು ಹೇಳುವದಿಲ್ಲ.

ಎರಡನೆಯದಾಗಿ, ಅಗ್ಗದ ಕಾರಣಗಳನ್ನು ನೋಡಬೇಕು. ಏರ್ ಫಿಲ್ಟರು ಧೂಳಿನಿಂದ ತುಂಬಿದೆಯೆ? ಟರ್ಬೋದ ರಬ್ಬರು ನಳಿಗೆ ಸೀಳಿದೆಯೆ? ಗಾಳಿಯನ್ನಳೆಯುವ ಸೆನ್ಸರು ಹೊಲಸಾಗಿದೆಯೆ? ಇವುಗಳಿಂದಲೂ ಕರಿಹೊಗೆ ಬರುವದುಂಟು. ವಾಲ್ವಿನ ತಂತಿಯ ಕನೆಕ್ಟರನ್ನೂ, ನಿರ್ವಾತದಿಂದ ನಡೆಯುವ ವಾಲ್ವಾದರೆ ಅದರ ಸಣ್ಣ ನಳಿಗೆಯನ್ನೂ ಪರೀಕ್ಷಿಸಬೇಕು.

ಮೂರನೆಯದೇ ನಿಜವಾದ ಒರೆಗಲ್ಲು. ಎಂಜಿನ್ನು ಕಾದ ಮೇಲೆ, ಸ್ಕ್ಯಾನರಿನಿಂದ ವಾಲ್ವನ್ನು ತೆರೆಯಿಸಿ ಮುಚ್ಚಿಸಿ, ಒಳಬರುವ ಹೊಸ ಗಾಳಿಯ ಅಳತೆಯನ್ನು ನೋಡಬೇಕು. ತೆರೆದಾಗ ಹೊಗೆಯು ಜಾಗ ಹಿಡಿಯುವದರಿಂದ ಗಾಳಿಯು ಇಳಿಯಬೇಕು, ಮುಚ್ಚಿದಾಗ ಏರಬೇಕು. ತೆರೆದರೂ ಇಳಿಯದಿದ್ದರೆ ವಾಲ್ವು ಅಂಟಿರಬೇಕು, ಇಲ್ಲವೆ ಹಾದಿಯು ಮಸಿಯಿಂದ ಕಟ್ಟಿರಬೇಕು. ಮುಚ್ಚಿದರೂ ಗಾಳಿಯು ಕಡಿಮೆಯೇ ಇದ್ದರೆ ವಾಲ್ವು ತೆರೆದೇ ಉಳಿದಿರಬಹುದು. ಆ ಮೇಲೆಯೇ ಅದನ್ನು ಬಿಚ್ಚಿ ನೋಡುವದು ಯೋಗ್ಯ. ಬರೇ ಮಸಿಯಿದ್ದರೆ ಶುದ್ಧಮಾಡಿಸಿದರೆ ಸಾಕಾಗುವದುಂಟು. ಮೋಟಾರು ಸುಟ್ಟಿದ್ದರೆ ಬದಲಿಸದೆ ಗತಿಯಿಲ್ಲ. ಹೊರಗೆ ಸೋರಿಕೆ ಕಾಣದೆ ಕೂಲಂಟು ಕಡಿಮೆಯಾಗುತ್ತಿದ್ದು ಬಿಳಿಹೊಗೆಯೂ ಇದ್ದರೆ, ಈ ಹೊಗೆಯನ್ನು ತಂಪುಮಾಡುವ ಕೂಲರು ಒಡೆದಿದೆಯೋ ಎಂದು ವಿಚಾರಿಸಬೇಕು. ಅಂಥ ಕಾರನ್ನು ಓಡಿಸುತ್ತಲೇ ಇರುವದು ಎಂಜಿನ್ನಿಗೆ ಘಾತಕ.

ಒಂದು ಎಚ್ಚರಿಕೆ. ತಗಡೊಂದನ್ನು ಹಾಕಿ ಈ ಹಾದಿಯನ್ನೇ ಮುಚ್ಚಿಸಿಬಿಡಿರೆಂದು ಸಲಹೆ ಕೊಡುವವರುಂಟು. ಖರ್ಚು ಅಲ್ಪ, ಕರಿಹೊಗೆಯೂ ತಗ್ಗಬಹುದು. ಡೀಸೆಲ್ ವಾಹನದ ಹೊಗೆ ತಪಾಸಣೆಯಲ್ಲಿ ಹೊಗೆಯ ಕಪ್ಪನ್ನು ಮಾತ್ರ ಅಳೆಯುವದರಿಂದ ಪ್ರಮಾಣಪತ್ರವೂ ಸಿಕ್ಕೀತು. ಆದರೆ ಕಣ್ಣಿಗೆ ಕಾಣದ ವಿಷವಾಯುವು ನಮ್ಮ ಓಣಿಯಲ್ಲಿಯೇ, ನಮ್ಮ ಮಕ್ಕಳು ಆಡುವ ಅಂಗಳದಲ್ಲಿಯೇ ಹರಡುವದು. ಇದು ಕಾಯದೆಗೂ ವಿರುದ್ಧ, ನೆರೆಹೊರೆಯ ಹಿತಕ್ಕೂ ವಿರುದ್ಧ.

ನಮ್ಮ ಹಿರಿಯ ರೈತರು ನೀರೆತ್ತುವ ಎಂಜಿನ್ನಿನ ಹೊಗೆಯ ಬಣ್ಣವನ್ನು ನೋಡಿ ಅದರ ಬೇನೆಯನ್ನು ಊಹಿಸುತ್ತಿದ್ದರು. ಆ ಜಾಣತನಕ್ಕೆ ಇಂದು ಸ್ಕ್ಯಾನರಿನ ಸಹಾಯ ದೊರೆತಿರುವದು. ಮಿಸ್ತ್ರಿಯು ವಾಲ್ವು ಬದಲಿಸಬೇಕೆಂದಾಗ, ತೆರೆದಾಗ ಗಾಳಿಯೆಷ್ಟು, ಮುಚ್ಚಿದಾಗ ಎಷ್ಟು ಎಂದು ಸೌಜನ್ಯದಿಂದ ಕೇಳಿರಿ. ಪರೀಕ್ಷಿಸಿದವನು ಸಂತೋಷದಿಂದ ತೋರಿಸುವನು. ಪರೀಕ್ಷಿಸದವನು ಆಗಲಾದರೂ ಪರೀಕ್ಷಿಸುವನು.