ವೈವಿಧ್ಯದ ಹಿಂದಿನ ಏಕಸೂತ್ರ: ಬರಗೂರು ರಾಮಚಂದ್ರಪ್ಪನವರ ಕೃತಿಗಳ ನಿದರ್ಶನ

ಒಬ್ಬನೇ ಲೇಖಕನು ಹಲವು ಪ್ರಕಾರಗಳಲ್ಲಿ ಕೃಷಿಮಾಡಿದಾಗ, ಅವನ ಸಾಧನೆಯನ್ನು ಪಟ್ಟಿಮಾಡಿ ತೃಪ್ತರಾಗುವುದು ನಮ್ಮಲ್ಲಿ ರೂಢಿ. ಪಟ್ಟಿಯು ವೈವಿಧ್ಯವನ್ನು ತೋರಿಸೀತು. ಅದರ ಹಿಂದಿರುವ ಮೌಲ್ಯಪ್ರಜ್ಞೆಯನ್ನು ತೋರಿಸಲಾರದು. ಅದನ್ನು ಕಂಡುಕೊಳ್ಳುವ ಬಗೆಯನ್ನು ನಿದರ್ಶನವೊಂದರಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೊಳಾಲ, ಮಧುಗಿರಿ, ಪಾವಗಡಗಳಂತೆ ತುಮಕೂರು ಜಿಲ್ಲೆಯ ಬಯಲುಸೀಮೆಗೆ ಸೇರಿದ ಶಿರಾ ತಾಲ್ಲೂಕಿನ ಬರಗೂರಿನಲ್ಲಿ 1946ರಲ್ಲಿ ಜನಿಸಿದ ಶ್ರೀ ಬರಗೂರು ರಾಮಚಂದ್ರಪ್ಪನವರು ಅಧ್ಯಾಪಕರಾಗಿ, ಕವಿಯಾಗಿ, ಕಾದಂಬರಿಕಾರರಾಗಿ, ವಿಮರ್ಶಕರಾಗಿ, ಚಲನಚಿತ್ರ ನಿರ್ದೇಶಕರಾಗಿ ಪ್ರಸಿದ್ಧರು. 1979ರಲ್ಲಿ ರೂಪುಗೊಂಡ ಬಂಡಾಯ ಸಾಹಿತ್ಯ ಸಂಘಟನೆಯ ಪ್ರಮುಖರು. 2016ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು.

ಇವರ ಪ್ರತಿಯೊಂದು ಕಾರ್ಯಕ್ಕೂ ಒಂದೇ ಪ್ರಶ್ನೆಯನ್ನು ಒಡ್ಡೋಣ: ಇಲ್ಲಿ ಕೇಂದ್ರದಲ್ಲಿರುವವರು ಯಾರು? ಕರ್ನಾಟಕ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದಾಗ (1992-95) ಅವರು ಉಪಸಂಸ್ಕೃತಿಗಳ ಅಧ್ಯಯನಮಾಲೆಗೆ ಪ್ರೇರಕರಾದರು; ಬದಿಗೆ ಸರಿಸಲ್ಪಟ್ಟ ಸಮುದಾಯಗಳ ಬದುಕು ಆಗ ಗ್ರಂಥವಸ್ತುವಾಯಿತು.

ಇಷ್ಟರಿಂದ ‘ಬಡವರ ಪರವಾದ ಅನುಕಂಪ’ವೇ ಆ ಮೌಲ್ಯವೆಂದು ನಿರ್ಣಯಿಸಬಹುದೆ? ‘ಅಮೃತಮತಿ’ ಚಿತ್ರವು ಈ ಅವಸರಕ್ಕೆ ತಡೆಯೊಡ್ಡುತ್ತದೆ. ಜನ್ನನ ‘ಯಶೋಧರ ಚರಿತೆ’ಯ (1209) ಅಮೃತಮತಿ ಬಡವಳಲ್ಲ, ಪಟ್ಟದ ರಾಣಿ. ಪತಿಯನ್ನು ತೊರೆದು ಮಾವುತನಿಗೆ ಒಲಿದು, ಕಡೆಗೆ ಪತಿಗೇ ವಿಷವಿಕ್ಕಿದ ಆಕೆಯನ್ನು ಕಾವ್ಯವು ಖಂಡಿಸುತ್ತದೆ. ಚಿತ್ರವು ಅವಳ ಅಂತರಂಗದ ಕಡೆಯಿಂದ ಅದೇ ಕಥೆಯನ್ನು ನೋಡುತ್ತದೆ. ಸಮುದಾಯ, ರಾಣಿ ಈ ಇಬ್ಬರಿಗೂ ಸಮಾನವಾದುದು ಬಡತನವಲ್ಲ; ತಮ್ಮ ಮಾತು ಕೇಳುವ ಮುನ್ನವೇ ತೀರ್ಪಿಗೆ ಗುರಿಯಾದ ಸ್ಥಿತಿ. ಅಂಥವರ ಅಹವಾಲನ್ನು ಮತ್ತೊಮ್ಮೆ ಆಲಿಸಬೇಕೆಂಬ ನ್ಯಾಯಪ್ರಜ್ಞೆಯೇ ಇಲ್ಲಿಯ ಏಕಸೂತ್ರವೆಂದು ನಮ್ಮ ಅಭಿಪ್ರಾಯ.

ಇದರಿಂದ ವಿದ್ಯಾರ್ಥಿಗಳು ಗ್ರಹಿಸಬೇಕಾದುದು ಎರಡು. ಸೂತ್ರಕ್ಕೆ ಒಗ್ಗದಂತೆ ತೋರುವ ಕೃತಿಯನ್ನೇ ಮೊದಲು ಪರೀಕ್ಷಿಸಬೇಕು. ಸೂತ್ರವನ್ನು ತಿದ್ದುವ ಶಕ್ತಿ ಅದಕ್ಕುಂಟು. ಎರಡನೆಯದಾಗಿ, ಮೌಲ್ಯದ ಏಕತೆಯು ಕಲೆಯ ಸಾಫಲ್ಯಕ್ಕೆ ಪ್ರಮಾಣವಲ್ಲ. ಉದಾತ್ತವಾದ ಆಶಯವುಳ್ಳ ಕೃತಿಯೂ ಕಲೆಯಾಗಿ ಸೋಲಬಹುದು. ಆ ವಿಚಾರವನ್ನು ಪ್ರತಿ ಕೃತಿಯ ಮುಂದೆಯೂ ಹೊಸದಾಗಿಯೇ ಎತ್ತಬೇಕು.